ರೋಗದಿಂದಲೇ ತೆಗೆದ ಮದ್ದು

'ವಿಷಕ್ಕೆ ವಿಷವೇ ಮದ್ದು', 'ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು' ಎಂಬ ಮಾತುಗಳು ನಮ್ಮಲ್ಲಿ ಅಜ್ಜಿಯರ ಬಾಯಲ್ಲೂ ಇವೆ. ಆದರೆ ಹುಚ್ಚುನಾಯಿಯ ಜೊಲ್ಲಿನಿಂದಲೇ ಔಷಧ ತಯಾರಿಸಿ ಸೀಸೆಗೆ ತುಂಬಿಟ್ಟಿದ್ದಾರೆ ಎಂದರೆ ಆ ಅಜ್ಜಿಯೂ ಮೂಗು ಮುರಿದಾಳು. ಹೋಮಿಯೋಪಥಿಯ ಔಷಧಗಳಲ್ಲಿ ಅಂಥದೊಂದು ಇದೆ. ಅದರ ಹೆಸರು ಲಿಸ್ಸಿನ್ ಅಥವಾ ಹೈಡ್ರೋಫೋಬಿನಮ್. ಕಜ್ಜಿಯ ಗುಳ್ಳೆಯಿಂದ ತೆಗೆದದ್ದು ಸೋರಿನಮ್. ಸಿಡುಬಿನ ಕೀವಿನಿಂದ ತೆಗೆದದ್ದು ವೇರಿಯೋಲಿನಮ್. ಕ್ಷಯದಿಂದ ಟ್ಯುಬರ್ಕ್ಯುಲಿನಮ್ ಮತ್ತು ಬ್ಯಾಸಿಲಿನಮ್. ರೋಗ ತಗುಲಿದ ದೇಹದ ಕೀವು, ಕಫ, ರಕ್ತ ಇತ್ಯಾದಿಗಳಿಂದ ತಯಾರಾಗುವ ಇಂಥ ಔಷಧಗಳಿಗೆ ಒಟ್ಟಾರೆ 'ನೊಸೋಡ್' ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ 'ನೊಸೋಸ್' ಎಂದರೆ ರೋಗ.

ಈ ಔಷಧಗಳ ಚರಿತ್ರೆಯಲ್ಲಿ ಮನುಷ್ಯರ ಆಸ್ಪತ್ರೆಗಿಂತ ದನದ ಕೊಟ್ಟಿಗೆಯ ಪಾಲೇನೂ ಕಡಿಮೆಯಲ್ಲ.

ಹೋಮಿಯೋಪಥಿಯ ಜನಕ, ಜರ್ಮನಿಯ ಸ್ಯಾಮ್ಯುಯೆಲ್ ಹಾನಿಮನ್ (1755-1843) 1790ರಲ್ಲಿ ಸಿಂಕೋನಾ ತೊಗಟೆಯನ್ನು ತಾನೇ ತಿಂದು ನೋಡಿದ. ಮಲೇರಿಯಾ ವಾಸಿ ಮಾಡುವ ಆ ತೊಗಟೆ ಆರೋಗ್ಯವಂತನಾದ ತನ್ನಲ್ಲಿ ಜ್ವರದಂಥದೇ ಲಕ್ಷಣಗಳನ್ನು ಹುಟ್ಟಿಸಿತೆಂದು ಬರೆದಿಟ್ಟ. ಯಾವುದು ರೋಗದಂಥ ಲಕ್ಷಣ ತರುವುದೋ ಅದೇ ಆ ರೋಗಕ್ಕೆ ಮದ್ದು ಎಂಬ ಸೂತ್ರವನ್ನು 1796ರಲ್ಲಿ ಪ್ರಕಟಿಸಿದ. ಕುತೂಹಲದ ಸಂಗತಿಯೆಂದರೆ, ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಎಂಟು ವರ್ಷದ ಹುಡುಗನೊಬ್ಬನ ತೋಳಿಗೆ ಗೋಸಿಡುಬಿನ ಕೀವನ್ನು ಹಾಕಿ ಸಿಡುಬಿನ ಲಸಿಕೆಗೆ ನಾಂದಿ ಹಾಡಿದ್ದೂ ಅದೇ ವರ್ಷ. ಎರಡು ದಾರಿಗಳೂ ಒಂದೇ ಊರಿಗೆ ಹೋಗುವಂತೆ ಆಗ ಕಂಡಿದ್ದರೆ ಅಚ್ಚರಿಯಿಲ್ಲ. ಹಾನಿಮನ್ ಕೂಡ ಗೋಸಿಡುಬಿನ ದೃಷ್ಟಾಂತವನ್ನು ತನ್ನ ವಾದಕ್ಕೆ ಬಳಸಿಕೊಂಡ.

ಆದರೆ ಅವನ ಸೂತ್ರದಲ್ಲಿ ಇದ್ದದ್ದು 'ರೋಗದಂಥದು' ಎಂಬ ಮಾತು, 'ರೋಗವೇ' ಎಂದಲ್ಲ. ಆ ಗೆರೆಯನ್ನು ದಾಟಿದವರಲ್ಲಿ ಮುಖ್ಯನಾದವನು ಲೈಪ್‌ಜಿಗ್ ನಗರದ ಪಶುವೈದ್ಯ ವಿಲ್ಹೆಲ್ಮ್ ಲಕ್ಸ್. 1831ರ ಸುಮಾರಿಗೆ, ಜಾನುವಾರುಗಳ ಅಂಟುಜಾಡ್ಯಕ್ಕೆ ಹೋಮಿಯೋಪಥಿಯಲ್ಲಿ ಮದ್ದೇನೆಂದು ಕೇಳಿ ಅವನಿಗೆ ಪತ್ರ ಬಂತು. ಲಕ್ಸ್ ಬಳಿ ಮದ್ದಿರಲಿಲ್ಲ. ರೋಗಿ ಪ್ರಾಣಿಯದೇ ರಕ್ತದ ಹನಿಯನ್ನೋ ಮೂಗಿನ ಸಿಂಬಳವನ್ನೋ ತೆಗೆದು, ಹೋಮಿಯೋಪಥಿಯ ಕ್ರಮದಲ್ಲಿ ತೆಳುಮಾಡಿ, ಅದನ್ನೇ ಕುಡಿಸಿ ನೋಡಿ ಎಂದು ಸಲಹೆ ಕೊಟ್ಟ. ನೆರಡಿ ರೋಗಕ್ಕೆ ನೆರಡಿಯ ರಕ್ತ, ಕುದುರೆಗಳ ಗ್ಲ್ಯಾಂಡರ್ಸ್ ರೋಗಕ್ಕೆ ಅದೇ ಕುದುರೆಯ ಸಿಂಬಳ. 1833ರಲ್ಲಿ ಈ ಬಗ್ಗೆ ಪುಸ್ತಕವನ್ನೂ ಬರೆದು, ತನ್ನ ಪದ್ಧತಿಗೆ 'ಐಸೋಪಥಿ' ಎಂದು ಹೆಸರಿಟ್ಟ.

ಅತ್ತ ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ ಕಾನ್‌ಸ್ಟಂಟೈನ್ ಹೆರಿಂಗ್ ಎಂಬ ಇನ್ನೊಬ್ಬ ಜರ್ಮನ್ ವೈದ್ಯ ಹಾವಿನ ವಿಷದ ಬೆನ್ನು ಹತ್ತಿದ್ದ. 1828ರಲ್ಲಿ ಬುಷ್‌ಮಾಸ್ಟರ್ ಎಂಬ ಘೋರ ಸರ್ಪದ ವಿಷದಿಂದ 'ಲ್ಯಾಕೆಸಿಸ್' ಎಂಬ ಔಷಧ ತಯಾರಿಸಿದ. ಹಾವಿನ ವಿಷ ಮದ್ದಾಗುವುದಾದರೆ ಹುಚ್ಚುನಾಯಿಯ ಜೊಲ್ಲು ಏಕಾಗಬಾರದು? ಈ ತರ್ಕ ಹಿಡಿದು 1833ರ ಹೊತ್ತಿಗೆ ಲಿಸ್ಸಿನ್ ತಯಾರಿಸಿದ. ಕಜ್ಜಿಯಿಂದ ಸೋರಿನಮ್ ತೆಗೆದವನೂ ಅವನೇ. ನೊಸೋಡ್ ಎಂಬ ಹೆಸರೂ ಅವನದೇ ಕೊಡುಗೆ.

ಗುರುವಿಗೆ ಇದು ಹಿಡಿಸಲಿಲ್ಲ. ಹಾನಿಮನ್ ತನ್ನ 'ಆರ್ಗನಾನ್' ಗ್ರಂಥದ ಅಡಿಟಿಪ್ಪಣಿಯಲ್ಲಿ ಐಸೋಪಥಿಯನ್ನು ಆಕ್ಷೇಪಿಸಿದ. ಶಿಷ್ಯರು ಅದಕ್ಕೊಂದು ಸಮಾಧಾನ ಹುಡುಕಿದರು: ತೆಳುಮಾಡಿ ಕುಲುಕಿದ ಮೇಲೆ ಅದು ಮೂಲದ ರೋಗವಸ್ತುವಾಗಿ ಉಳಿಯುವುದಿಲ್ಲ, ಅದರಂಥ ಬೇರೊಂದು ವಸ್ತುವಾಗುತ್ತದೆ. ಹೀಗೆ ನೊಸೋಡ್ ಹಿಂಬಾಗಿಲಿನಿಂದ ಮನೆಯೊಳಕ್ಕೆ ಬಂದು ನಡುಮನೆಯಲ್ಲೇ ಕೂತಿತು.

ತೆಳುಮಾಡುವುದೆಂದರೆ ಎಷ್ಟು? ಒಂದು ಹನಿ ರೋಗವಸ್ತುವಿಗೆ 99 ಹನಿ ಮದ್ಯಸಾರ ಸೇರಿಸಿ ಕುಲುಕಬೇಕು. ಅದರಲ್ಲೊಂದು ಹನಿಗೆ ಮತ್ತೆ 99 ಹನಿ. ಹೀಗೆ 30 ಸಲ ಮಾಡಿದರೆ ಸೀಸೆಯ ಮೇಲೆ ಬರೆಯುವ '30' ಎಂಬ ಶಕ್ತಿ ಬರುತ್ತದೆ. ಒಂದರ ಮುಂದೆ 60 ಸೊನ್ನೆ ಹಾಕಿದರೆ ಬರುವ ಸಂಖ್ಯೆಯಲ್ಲಿ ಒಂದು ಪಾಲು! ಲೆಕ್ಕದ ಪ್ರಕಾರ 12ನೇ ಸಲ ದಾಟುವಷ್ಟರಲ್ಲೇ ಮೂಲವಸ್ತುವಿನ ಒಂದು ಅಣುವೂ ಸೀಸೆಯಲ್ಲಿ ಉಳಿದಿರುವ ಸಂಭವವಿಲ್ಲ. ಹುಚ್ಚುನಾಯಿಯ ಜೊಲ್ಲು ಎಂದು ಹೇಸುವ ಅಗತ್ಯವಿಲ್ಲ ಎಂಬುದು ಇದರ ಒಂದು ಅನುಕೂಲ. ಮದ್ದೂ ಇಲ್ಲವಲ್ಲ ಎಂಬುದು ವಿಜ್ಞಾನಿಗಳ ತಕರಾರು. ಹಾನಿಮನ್‌ನನ್ನು ಇದಕ್ಕಾಗಿ ಹಳಿಯುವಂತಿಲ್ಲ; ಒಂದು ವಸ್ತುವಿನಲ್ಲಿ ಎಷ್ಟು ಅಣುಗಳಿವೆ ಎಂಬ ಅಂದಾಜು ಮೊದಲು ಸಿಕ್ಕಿದ್ದು 1865ರಲ್ಲಿ, ಅವನು ತೀರಿಕೊಂಡು 22 ವರ್ಷಗಳಾದ ಮೇಲೆ. ಅಲ್ಲದೆ ಅಂದಿನ ವೈದ್ಯರು ಜ್ವರಕ್ಕೂ ನೋವಿಗೂ ರಕ್ತ ಹರಿಸುತ್ತಿದ್ದರು, ಪಾದರಸ ತಿನ್ನಿಸುತ್ತಿದ್ದರು. ಅದರ ಎದುರು ಏನೂ ಮಾಡದ ಹನಿಗಳೇ ಎಷ್ಟೋ ವಾಸಿ.

ಚಿತ್ರ ಬದಲಾದದ್ದು ಲೂಯಿ ಪಾಸ್ಚರ್ ಕಾಲದಲ್ಲಿ. ಲಕ್ಸ್ ಹನಿ ಕೊಟ್ಟ ಅದೇ ನೆರಡಿ ರೋಗಕ್ಕೆ 1881ರಲ್ಲಿ ಪಾಸ್ಚರ್ ಫ್ರಾನ್ಸಿನ ಪೂಯಿ-ಲೆ-ಫೋರ್ ಹಳ್ಳಿಯಲ್ಲಿ, ಊರ ಜನರ ಮುಂದೆ ಪರೀಕ್ಷೆ ಒಡ್ಡಿದ. ಕೆಲವು ಕುರಿಗಳಿಗೆ ಲಸಿಕೆ, ಅಷ್ಟೇ ಕುರಿಗಳಿಗೆ ಏನೂ ಇಲ್ಲ. ಆಮೇಲೆ ಎಲ್ಲಕ್ಕೂ ರೋಗಾಣು. ಲಸಿಕೆ ಪಡೆದವು ಮೇಯುತ್ತಿದ್ದವು, ಉಳಿದವು ಸತ್ತು ಬಿದ್ದವು. 1885ರಲ್ಲಿ ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ನನ್ನು ಅವನ ಲಸಿಕೆ ಉಳಿಸಿತು. ಪಾಸ್ಚರ್‌ಗಿಂತ ಅರ್ಧ ಶತಮಾನ ಮುಂಚೆಯೇ ಹೆರಿಂಗ್ ಇದನ್ನು ಕಂಡಿದ್ದ ಎಂದು ಹೋಮಿಯೋಪಥಿಯ ಅಭಿಮಾನಿಗಳು ಹೇಳುವುದುಂಟು. ಊಹೆಯ ಮಟ್ಟಿಗೆ ಅದು ಒಪ್ಪತಕ್ಕದ್ದೇ. ಆದರೆ ಲಸಿಕೆಯಲ್ಲಿ ದುರ್ಬಲಗೊಳಿಸಿದ ಅಥವಾ ಕೊಂದ ರೋಗಾಣು, ಇಲ್ಲವೇ ಅದರ ಅಂಶ, ದೇಹ ಗುರುತಿಸುವಷ್ಟು ಪ್ರಮಾಣದಲ್ಲಿ ಇರುತ್ತದೆ. ದೇಹ ಅದರ ಎದುರು ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ನೊಸೋಡ್ ಸೀಸೆಯಲ್ಲಿ ಗುರುತಿಸಲು ಏನೂ ಇರುವುದಿಲ್ಲ.

ಭಾರತದಲ್ಲಿ ಹೋಮಿಯೋಪಥಿ ಬೇರುಬಿಟ್ಟದ್ದು ಬಂಗಾಳದಲ್ಲಿ. ಮಹೇಂದ್ರಲಾಲ್ ಸರ್ಕಾರ್ ಅವರಂಥ ಹೆಸರಾಂತ ವೈದ್ಯರು 1867ರಲ್ಲಿ ಅತ್ತ ಹೊರಳಿದರು. ನಮ್ಮ ಕರಾವಳಿಯಲ್ಲಿ 1880ರಲ್ಲಿ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯ ಆಲದ ಮರದಡಿ ಬಡವರಿಗೆ ಹೋಮಿಯೋಪಥಿ ಗುಳಿಗೆ ಕೊಡತೊಡಗಿದರು. ಇಂದಿನ ದೊಡ್ಡ ಆಸ್ಪತ್ರೆಯ ಮೂಲ ಅದು.

ರೇಬಿಸ್ ವಿಷಯದಲ್ಲಿ ನಮ್ಮ ದೇಶದ ಕಥೆಯೇ ಬೇರೆ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಲಸಿಕೆಯೇ ಬಹುಕಾಲ ಬಡವರ ಪಾಲಿಗೆ ಗತಿಯಾಗಿತ್ತು. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಮಾತು ಕೇಳಿಯೇ ಮಕ್ಕಳು ಬೆವರುತ್ತಿದ್ದರು. ಕೆಲವರಿಗೆ ಅದರಿಂದ ಪಾರ್ಶ್ವವಾಯು ಬಡಿದದ್ದೂ ಉಂಟು. ಹೀಗಿರುವಾಗ ನಾಲಿಗೆಯ ಮೇಲೆ ಕರಗುವ ಸಿಹಿ ಗುಳಿಗೆಯೋ ನಾಟಿ ಸೊಪ್ಪೋ ಸಾಕೆಂದು ಜನ ನಂಬಿದ್ದರೆ ಅವರನ್ನು ಮೂಢರೆಂದು ಜರೆಯುವುದು ಸುಲಭ, ನ್ಯಾಯವಲ್ಲ. ಆದರೆ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಜಗತ್ತಿನ ರೇಬಿಸ್ ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾರತದಲ್ಲೇ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಸಾಕುನಾಯಿಗಳ ವಿಷಯಕ್ಕೆ ಬಂದರೆ, ಡಿಸ್ಟೆಂಪರ್, ಪಾರ್ವೊ, ಕೆನ್ನೆಲ್ ಕೆಮ್ಮುಗಳಿಗೆ ಲಸಿಕೆಯ ಬದಲು ನೊಸೋಡ್ ಕೊಡಿಸುವ ಮಾಲೀಕರು ಪಶ್ಚಿಮದ ದೇಶಗಳಲ್ಲಿ ಇದ್ದಾರೆ. ಮರಿಗೆ ಏನೂ ಆಗಲಿಲ್ಲವಲ್ಲ ಎಂಬುದು ಅವರ ಸಾಕ್ಷ್ಯ. ತಾಯಿಯ ಹಾಲಿನಿಂದ ಬಂದ ರಕ್ಷಣೆ, ನೆರೆಹೊರೆಯ ನಾಯಿಗಳೆಲ್ಲ ಲಸಿಕೆ ಪಡೆದಿರುವುದು, ಕೆಲವೊಮ್ಮೆ ಬರಿಯ ಅದೃಷ್ಟ - ಇವು ಆ ಲೆಕ್ಕದಲ್ಲಿ ಸೇರುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಲಸಿಕಾತಜ್ಞ ರೊನಾಲ್ಡ್ ಶುಲ್ಟ್ಜ್ ಮತ್ತು ಸಂಗಡಿಗರು ಪಾರ್ವೊ ನೊಸೋಡ್ ಪಡೆದ ನಾಯಿಮರಿಗಳನ್ನು ಆ ವೈರಸ್ಸಿಗೆ ಒಡ್ಡಿ ನೋಡಿದರು. ಮರಿಗಳು ಕಾಯಿಲೆ ಬಿದ್ದವು. 1996ರಲ್ಲಿ ಈ ಫಲಿತಾಂಶ ಪರ್ಯಾಯ ಪಶುವೈದ್ಯರ ಸಮ್ಮೇಳನದಲ್ಲೇ ಮಂಡಿತವಾಯಿತು ಎಂಬುದು ಗಮನಾರ್ಹ.

ಮನುಷ್ಯರ ಮೇಲೆ ದೊಡ್ಡ ಪ್ರಯೋಗವೊಂದು ನಡೆದದ್ದು ಕ್ಯೂಬಾದಲ್ಲಿ. 2007ರಲ್ಲಿ ಇಲಿಜ್ವರದ ಭೀತಿ ಎದುರಾದಾಗ ಅಲ್ಲಿನ ಫಿನ್ಲೆ ಸಂಸ್ಥೆ 20 ಲಕ್ಷಕ್ಕೂ ಹೆಚ್ಚು ಜನರಿಗೆ ನೊಸೋಡ್ ಹಂಚಿತು. ಜ್ವರ ಇಳಿಯಿತೆಂದು 2010ರಲ್ಲಿ ವರದಿ ಪ್ರಕಟಿಸಿತು. ಆದರೆ ಹೋಲಿಸಿದ್ದು ಔಷಧ ಪಡೆದ ಪ್ರಾಂತ್ಯಗಳನ್ನು ದೇಶದ ಉಳಿದ ಭಾಗದೊಂದಿಗೆ. ಜ್ವರ ತಾನಾಗಿ ಇಳಿಯಿತೋ ಔಷಧದಿಂದಲೋ ಎಂದು ಅದರಿಂದ ಬಿಡಿಸಿ ಹೇಳಲಾಗದು. 2018ರಲ್ಲಿ ಕೆನಡಾದ ಮಾರ್ಕ್ ಲೋಬ್ ಮತ್ತು ಸಂಗಡಿಗರು 150 ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದಕ್ಕೆ ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು, ಮಂಗನಬಾವು, ದಡಾರಗಳ ನೊಸೋಡ್, ಇನ್ನೊಂದಕ್ಕೆ ನಿಜವಾದ ಲಸಿಕೆ, ಮತ್ತೊಂದಕ್ಕೆ ಸುಳ್ಳು ಔಷಧ ಕೊಟ್ಟರು. ಲಸಿಕೆ ಪಡೆದವರ ರಕ್ತದಲ್ಲಿ ಪ್ರತಿಕಾಯಗಳು ಏರಿದವು. ನೊಸೋಡ್ ಗುಂಪಿಗೂ ಸುಳ್ಳು ಔಷಧದ ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಮೊದಲೇ, 2015ರಲ್ಲಿ, ನೊಸೋಡ್ ಸೀಸೆಗಳ ಮೇಲೆ 'ಇದು ಲಸಿಕೆಗೆ ಬದಲಿಯಲ್ಲ' ಎಂಬ ಅರ್ಥದ ಸೂಚನೆ ಇರಬೇಕೆಂದು ಕೆನಡಾ ಸರ್ಕಾರ ವಿಧಿಸಿತ್ತು.

ನಮ್ಮಲ್ಲಿ ಕುರಿಮಿದುಳಿನ ಲಸಿಕೆ 2004ರ ಕೊನೆಗೆ ನಿಂತಿತು. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತಿಂಗಳೊಳಗೆ ನಾಲ್ಕೈದು ಬಾರಿ ಇಂಜೆಕ್ಷನ್, ಗಾಯ ಆಳವಾಗಿದ್ದರೆ ಅದರ ಸುತ್ತ ಇಮ್ಯುನೋಗ್ಲಾಬ್ಯುಲಿನ್. ಚುಚ್ಚುವುದು ಈಗ ಹೊಕ್ಕುಳ ಸುತ್ತ ಅಲ್ಲ, ತೋಳಿಗೆ.