ಬೆಳೆಸಿದ ತಂಡ, ಕೂಡಿಸಿದ ತಂಡ

ನಮ್ಮ ದೊಡ್ಡಬಳ್ಳಾಪುರದ ಕಡೆ ರಾಗಿಯನ್ನು ಎರಡು ಬಗೆಯಲ್ಲಿ ಬೆಳೆಯುತ್ತಾರೆ. ಹೊಲದಲ್ಲೇ ಬೀಜ ಬಿತ್ತುವುದು ಒಂದು. ಒಟ್ಟಲಲ್ಲಿ ಬೆಳೆದ ಪೈರನ್ನು ಕಿತ್ತು ತಂದು ನಾಟಿ ಮಾಡುವುದು ಇನ್ನೊಂದು. ಆಟದ ತಂಡ ಕಟ್ಟುವುದಕ್ಕೂ ಇವೇ ಎರಡು ದಾರಿ. ಎಳೆಯ ಮಕ್ಕಳನ್ನು ಆರಿಸಿ ನಾಲ್ಕಾರು ವರ್ಷ ತಿದ್ದಬಹುದು, ಇಲ್ಲವೇ ಬೇರೆಯವರು ತಿದ್ದಿದವರನ್ನು ಕರೆತಂದು ಕೂಡಿಸಬಹುದು. ಸಮಾಜ ಪಾಠ ಹೇಳುವ ನಾನು ಈ ವಿಷಯದ ಚರಿತ್ರೆ ಹುಡುಕಲು ಹೊರಟದ್ದು ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್‌ನಿಂದಾಗಿ.

ಈ ಆಟ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಚಳಿಗಾಲದಲ್ಲಿ ಹುಡುಗರು ಒಳಗೇ ಆಡಲೆಂದು ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿದರು. ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅದನ್ನು ಹೆಣ್ಣುಮಕ್ಕಳಿಗೂ ಕಲಿಸಿದರು. 1896ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ವಿದ್ಯಾರ್ಥಿನಿಯರು ಆಡಿದ ಪಂದ್ಯಕ್ಕೆ ಗಂಡಸರಿಗೆ ಪ್ರವೇಶವೇ ಇರಲಿಲ್ಲವಂತೆ!

ಕಾಲ ಕಳೆದಂತೆ ಅಲ್ಲಿನ ಕಾಲೇಜುಗಳ ತರಬೇತುದಾರರು ಹೈಸ್ಕೂಲುಗಳನ್ನು ಸುತ್ತಿ, ಚೆನ್ನಾಗಿ ಆಡುವವರ ಮನೆಗೆ ಹೋಗಿ, ತಂದೆತಾಯಿಯರನ್ನು ಒಪ್ಪಿಸಿ ವಿದ್ಯಾರ್ಥಿವೇತನ ಕೊಟ್ಟು ಕರೆತರುವುದು ವಾಡಿಕೆಯಾಯಿತು. ನಡುವೆ ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋದವರು ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಆ ಕಟ್ಟು ಸಡಿಲವಾಯಿತು. ನಮ್ಮ ಶಾಲೆಗಳ ಮಾತಿನಲ್ಲಿ ಹೇಳುವುದಾದರೆ, ಟಿ.ಸಿ. ತೆಗೆದುಕೊಂಡು ಹೋದ ವರ್ಷವೇ ಹೊಸ ಕಾಲೇಜಿನ ಪರವಾಗಿ ಆಡಬಹುದಾಯಿತು. 2023ರ ಮಹಿಳೆಯರ ಫೈನಲ್ಲಿನಲ್ಲಿ ಈ ಎರಡು ದಾರಿಗಳೂ ಮುಖಾಮುಖಿಯಾದವು. ಅಯೋವಾ ತಂಡದಲ್ಲಿ ಅದೇ ರಾಜ್ಯದ ಮಗಳು ಕೇಟ್ಲಿನ್ ಕ್ಲಾರ್ಕ್ ಇದ್ದರು. ಎದುರಿಗಿದ್ದ ಲೂಸಿಯಾನ ಸ್ಟೇಟ್ ತಂಡದಲ್ಲಿ ಹಿಂದಿನ ವರ್ಷವಷ್ಟೇ ಮೇರಿಲ್ಯಾಂಡ್ ಬಿಟ್ಟು ಬಂದಿದ್ದ ಏಂಜೆಲ್ ರೀಸ್ ಇದ್ದರು. 102-85ರಿಂದ ಗೆದ್ದದ್ದು ಕೂಡಿಸಿದ ತಂಡ.

ನಮ್ಮಲ್ಲಿ ಈ ಪದ್ಧತಿ ಹೊಸದೇನಲ್ಲ. ರಾಷ್ಟ್ರೀಯ ಪಂದ್ಯಗಳಲ್ಲಿ ರಾಜ್ಯಗಳ ಜೊತೆ ರೈಲ್ವೆಯದೂ ಒಂದು ತಂಡವಿರುತ್ತದೆ. ರಾಜ್ಯಗಳು ಬೆಳೆಸಿದವರಿಗೆ ಕೆಲಸ ಕೊಟ್ಟು ರೈಲ್ವೆ ತನ್ನ ತಂಡ ಕಟ್ಟುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಕೇರಳದ ಗೀತು ಅನ್ನಾ ಜೋಸ್, ತಮಿಳುನಾಡಿನ ಅನಿತಾ ಪಾಲ್‌ದುರೈ ಇಬ್ಬರೂ ದಕ್ಷಿಣ ರೈಲ್ವೆಯ ನೌಕರಿ ಹಿಡಿದವರು. ಕ್ರಿಕೆಟ್ಟಿನಲ್ಲಿ ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಕರ್ನಾಟಕಕ್ಕೂ ಆಡಿದರು, ರೈಲ್ವೆಗೂ ಆಡಿದರು. ಇದನ್ನು ಪಕ್ಷಾಂತರವೆಂದು ಹಳಿಯುವವರು ಒಂದು ಮಾತು ನೆನಪಿಡಬೇಕು: ಹೆಣ್ಣುಮಕ್ಕಳ ಆಟಕ್ಕೆ ಕಾಸೇ ಇಲ್ಲದ ಕಾಲದಲ್ಲಿ ತಿಂಗಳ ಸಂಬಳ ಕೊಟ್ಟದ್ದು ಈ ನೌಕರಿಗಳೇ. ಮದುವೆಯಾದ ಮೇಲೂ ಆಡಬಹುದೆಂಬ ಧೈರ್ಯ ಬಂದದ್ದೂ ಆ ಸಂಬಳದಿಂದಲೇ.

ಬೆಳೆಸುವ ಕೆಲಸವೂ ನಮ್ಮ ಹತ್ತಿರದಲ್ಲೇ ನಡೆದಿದೆ. ಬೆಂಗಳೂರಿನಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿ ವಿದ್ಯಾನಗರ ಸಿಗುತ್ತದೆ. ಅಲ್ಲಿನ ಸರ್ಕಾರಿ ಕ್ರೀಡಾ ವಸತಿ ನಿಲಯದಲ್ಲಿ ಮಕ್ಕಳಿಗೆ ಊಟ, ವಸತಿ, ಓದು, ತರಬೇತಿ ಎಲ್ಲವೂ ಉಂಟು. ಅಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿತವರು ರಾಜ್ಯಮಟ್ಟದಲ್ಲಿ ಹೆಸರು ಮಾಡಿದ್ದಾರೆ.

ಇನ್ನು ನಮ್ಮ ಶಾಲೆಯ ಮಾತು. ಮಗ್ಗದ ಮನೆಯ ಹುಡುಗಿಯೊಬ್ಬಳನ್ನು ನಮ್ಮ ಪಿ.ಟಿ. ಮೇಷ್ಟ್ರು ಎಂಟನೇ ತರಗತಿಯಿಂದ ತಿದ್ದಿದರು. ಹೋಬಳಿ, ತಾಲ್ಲೂಕು, ಜಿಲ್ಲೆ ದಾಟಿ ಆಡಿದಳು. ಹತ್ತನೇ ತರಗತಿ ಮುಗಿಯುತ್ತಿದ್ದಂತೆ ಪೇಟೆಯ ಕಾಲೇಜೊಂದು ಫೀಸಿಲ್ಲದ ಸೀಟು, ಹಾಸ್ಟೆಲ್ ಎಂದು ಕರೆಯಿತು. "ಆಟ ಆಡ್ಕೊಂಡು ಓದೂ ಸಿಗ್ತದೆ ಅಂದ್ರೆ ಬೇಡ ಅನ್ನಕ್ಕಾಗ್ತದಾ ಮೇಡಂ?" ಎಂದರು ಅವಳ ತಾಯಿ. ನಿಜವೇ. ಎರಡನೇ ವರ್ಷ ಮಂಡಿಗೆ ಪೆಟ್ಟಾಯಿತು. ಆಡದವಳಿಗೆ ಫೀಸ್ ಕಟ್ಟಬೇಕೆಂದು ಚೀಟಿ ಬಂತು. ಮೇಷ್ಟ್ರು, ನಾವು ನಾಲ್ಕು ಜನ ಶಿಕ್ಷಕಿಯರು ಸೇರಿಸಿ ಕೊಟ್ಟ ಹಣದಲ್ಲಿ ಅವಳು ಪಿ.ಯು. ಪರೀಕ್ಷೆ ಬರೆದಳು.

ಹಾಗೆಂದು ಹೆಣ್ಣುಮಕ್ಕಳನ್ನು ಊರಲ್ಲೇ ಕಟ್ಟಿಹಾಕಬೇಕೆಂದು ನಾನು ಹೇಳಲಾರೆ. ಕರೆದ ಕಡೆ ಹೋಗಲಿ, ಗೆಲ್ಲಲಿ. ಆದರೆ ರೈಲ್ವೆ ಕೊಟ್ಟದ್ದು ನೌಕರಿ. ಇಲ್ಲಿ ಸಿಕ್ಕಿದ್ದು ಬಾಯಿಮಾತು. ಎರಡಕ್ಕೂ ಇರುವ ಅಂತರವನ್ನು ತಾಯಂದಿರು ತಿಳಿಯಬೇಕು. ಮಗಳಿಗೆ ಪೆಟ್ಟಾದರೆ ಸೀಟು ಉಳಿಯುತ್ತದೆಯೇ? ಆಸ್ಪತ್ರೆ ಖರ್ಚು ಯಾರದು? ಪರೀಕ್ಷೆ, ಪಂದ್ಯ ಒಂದೇ ದಿನ ಬಂದರೆ ಏನು ಮಾಡುವುದು? ಇವನ್ನು ಕೇಳಿ, ಉತ್ತರವನ್ನು ಕಾಗದದಲ್ಲಿ ಬರೆಸಿಕೊಂಡು ಕಳುಹಿಸಿ. ಕರೆದೊಯ್ಯುವ ಕಾಲೇಜಿನವರೂ ವರ್ಷಕ್ಕೊಮ್ಮೆ ತಮ್ಮ ತರಬೇತುದಾರರನ್ನು ಹದಿನೈದು ದಿನ ತಾಲ್ಲೂಕಿನ ಶಾಲೆಗಳಿಗೆ ಕಳುಹಿಸಿಕೊಟ್ಟರೆ ಒಟ್ಟಲು ಒಣಗದು. ಎಂಟನೇ ತರಗತಿಗೆ ಪ್ರತಿ ಜೂನ್‌ನಲ್ಲೂ ಹೊಸ ಹುಡುಗಿಯರು ಬರುತ್ತಾರೆ; ಅವರ ಕೈಗೂ ಚೆಂಡು ಸಿಗಬೇಕಲ್ಲವೆ?