ಅಲ್ ರಾಝಿ ಕಂಡ ದಡಾರ

ದಡಾರಕ್ಕೆ ನಮ್ಮಲ್ಲಿ ಹೆಸರು ಹಲವು. ಕನ್ನಡದಲ್ಲಿ ಗೊಬ್ಬರ ಎಂದೂ ಹೇಳುವುದುಂಟು. ಹೊಲಕ್ಕೆ ಹಾಕುವುದೂ ಗೊಬ್ಬರವೇ. ಉರ್ದು ಮಾತಾಡುವ ಮನೆಗಳಲ್ಲಿ ಅದು ಖಸ್ರಾ. ಉತ್ತರ ಭಾರತದ ಕಂದಾಯ ದಾಖಲೆಗಳಲ್ಲಿ ಜಮೀನಿನ ಸಂಖ್ಯೆಗೂ ಅದೇ ಪದ. ಅರಬಿಯಲ್ಲಿ ಈ ರೋಗದ ಹೆಸರು ಹಸ್ಬಾ. ಸಣ್ಣ ಕಲ್ಲುಹರಳಿಗೆ ಹೇಳುವ ಅರಬಿ ಪದದ ಮೂಲಾಕ್ಷರಗಳೂ ಇವೇ.

ಈ ಹಸ್ಬಾವನ್ನು ಸಿಡುಬಿನಿಂದ ಬೇರ್ಪಡಿಸಿ ವಿವರವಾಗಿ ಬರೆದವರು ಅಬೂಬಕ್ರ್ ಮುಹಮ್ಮದ್ ಇಬ್ನ್ ಝಕರಿಯ್ಯಾ ಅಲ್ ರಾಝಿ. ಇರಾನಿನ ರೈ ಪಟ್ಟಣದವರಾದ ಅವರು ಅಲ್ಲಿಯೂ ಬಗ್ದಾದಿನಲ್ಲಿಯೂ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದರು. 10ನೇ ಶತಮಾನದ ಆರಂಭದ ಹೊತ್ತಿಗೆ ಈ ಎರಡು ರೋಗಗಳ ಬಗ್ಗೆಯೇ ಒಂದು ಗ್ರಂಥ ರಚಿಸಿದರು. ಬೆನ್ನುನೋವು ಸಿಡುಬಿನಲ್ಲಿ ಹೆಚ್ಚು. ಚಡಪಡಿಕೆ, ವಾಕರಿಕೆ ದಡಾರದಲ್ಲಿ ಹೆಚ್ಚು ಎಂದು ಗುರುತಿಸಿದರು. ಸೂಕ್ಷ್ಮದರ್ಶಕವೂ ಇಲ್ಲದ ಕಾಲದಲ್ಲಿ ರೋಗಿಯ ಪಕ್ಕದಲ್ಲಿ ಕುಳಿತು ಕಂಡುಕೊಂಡ ಸತ್ಯ ಇದು.

ಯುರೋಪಿನ ವೈದ್ಯರು ಲ್ಯಾಟಿನ್ನಿನಲ್ಲಿ ಇದನ್ನು ಮಾರ್ಬಿಲ್ಲಿ ಎಂದರು. 'ಚಿಕ್ಕ ಕಾಯಿಲೆ' ಎಂದು ಅದರ ಅರ್ಥ. ಆದರೆ ಚಿಕ್ಕದೆಂದು ಕರೆದ ಮಾತ್ರಕ್ಕೆ ರೋಗ ಚಿಕ್ಕದಾಗಲಿಲ್ಲ. 1846ರಲ್ಲಿ ಡೆನ್ಮಾರ್ಕಿನ ಆಡಳಿತದಲ್ಲಿದ್ದ ಫಾರೋ ದ್ವೀಪಗಳಿಗೆ ಅದು ಕಾಲಿಟ್ಟಾಗ ಅಲ್ಲಿದ್ದ ಸುಮಾರು 7,800 ಜನರಲ್ಲಿ 6,000ಕ್ಕೂ ಹೆಚ್ಚು ಮಂದಿ ಮಲಗಿಬಿಟ್ಟರು. 1781ರಲ್ಲಿ ದಡಾರ ಬಂದುಹೋಗಿದ್ದ ವೃದ್ಧರಿಗೆ ಮಾತ್ರ ಅದು ಮತ್ತೆ ತಗಲಲಿಲ್ಲ. ಪೀಟರ್ ಪಾನುಮ್ ಎಂಬ ಯುವ ವೈದ್ಯ ಇದನ್ನು ದಾಖಲಿಸಿದರು. 1875ರಲ್ಲಿ ಫಿಜಿ ದ್ವೀಪಗಳಲ್ಲಿ ಇದೇ ರೋಗಕ್ಕೆ ಸುಮಾರು 40,000 ಜನ ಬಲಿಯಾದರು.

ಒಮ್ಮೆ ಬಂದವರಿಗೆ ಮತ್ತೆ ಬಾರದ ಆ ರಕ್ಷಣೆಯನ್ನು ರೋಗ ಬರುವ ಮೊದಲೇ ಕೊಡುವುದು ಲಸಿಕೆ. ಅದು 1963ರಲ್ಲಿ ಬಳಕೆಗೆ ಬಂತು. ದಡಾರದ ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ರೋಗಾಣು ಎರಡು ಗಂಟೆಯವರೆಗೂ ಉಳಿಯಬಲ್ಲದು. ಮೈಮೇಲೆ ಗುಳ್ಳೆ ಕಾಣಿಸುವ ನಾಲ್ಕು ದಿನ ಮೊದಲೇ ಅದು ಇತರರಿಗೆ ಹರಡತೊಡಗುತ್ತದೆ. ಗುಳ್ಳೆ ಕಂಡ ಮೇಲೆ ಎಚ್ಚೆತ್ತರೆ ತಡವಾಗಿರುತ್ತದೆ.

2017ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆದಾಗ ಮೊಬೈಲ್‌ಗಳಲ್ಲಿ ವದಂತಿಗಳು ಹರಿದಾಡಿದವು. ಅವನ್ನು ನಂಬಿ ಹಿಂಜರಿದವರು ನಮ್ಮಲ್ಲೂ ಇದ್ದರು. ವೇದಿಕೆಗಳಲ್ಲಿ ರಾಝಿಯವರ ಹೆಸರು ಕೇಳಿ ಹೆಮ್ಮೆಪಡುವ ನಾವು, ಮಗುವಿನ ವಿಷಯ ಬಂದಾಗ ಯಾರೋ ಕಳಿಸಿದ ಸಂದೇಶಕ್ಕೆ ಕಿವಿಗೊಡುವುದು ಸರಿಯೇ? ಮೊದಲ ಡೋಸ್ 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ಇಂದೇ ಮನೆಯಲ್ಲಿ ತಾಯಿ ಕಾರ್ಡ್ ತೆಗೆದು ನೋಡೋಣ.