ಕೆ-ಶಾಪ್

ಬೆಂಗಳೂರಿನ ಇನ್ಫೋಸಿಸ್ ಕಂಪನಿಯ ನೌಕರರು ಕೆಲಸದಲ್ಲಿ ಕಲಿತದ್ದನ್ನು ಬರೆದಿಟ್ಟು ಪರಸ್ಪರ ಹಂಚಿಕೊಳ್ಳಲು ರೂಪಿಸಿದ ಆಂತರಿಕ ಜ್ಞಾನಭಂಡಾರ. ಸಂಸ್ಥೆಗಳ ಜ್ಞಾನ ನಿರ್ವಹಣೆಗೆ ಭಾರತದಿಂದ ಕೊಡುವ ನಿದರ್ಶನಗಳಲ್ಲಿ ಪ್ರಮುಖವಾದದ್ದು. 1992ರಲ್ಲಿ ಆರಂಭವಾದ ‘ಬಾಡಿ ಆಫ್ ನಾಲೆಜ್’ ಎಂಬ ಅನುಭವ ಬರಹಗಳ ಸಂಗ್ರಹ ಇದರ ಪೂರ್ವರೂಪ. 1999ರ ಹೊತ್ತಿಗೆ ಜ್ಞಾನ ನಿರ್ವಹಣೆಯ ಕಂಪನಿವ್ಯಾಪಿ ಕಾರ್ಯಕ್ರಮ ರೂಪುಗೊಂಡಿತು. ಒಮ್ಮೆ ಒಬ್ಬರು ಬಿಡಿಸಿದ ತೊಡಕನ್ನು ಇನ್ನೊಂದು ತಂಡ ಮೊದಲಿನಿಂದ ಬಿಡಿಸಬೇಕಾಗದಂತೆ ನೋಡಿಕೊಳ್ಳುವುದು ಇದರ ಉದ್ದೇಶ.

ಪ್ರಾಜೆಕ್ಟ್ ಅನುಭವಗಳು, ಮರುಬಳಕೆಯ ಕೋಡ್, ತಾಂತ್ರಿಕ ಟಿಪ್ಪಣಿಗಳು ಇದರಲ್ಲಿ ಸೇರುತ್ತಿದ್ದವು. ಬಂದ ಬರಹವನ್ನು ವಿಷಯತಜ್ಞರು ಪರಿಶೀಲಿಸುತ್ತಿದ್ದರು, ಓದಿದವರು ಅಂಕ ಕೊಡುತ್ತಿದ್ದರು. ಬರೆಯುವ ಉತ್ಸಾಹ ಹೆಚ್ಚಿಸಲು ‘ನಾಲೆಜ್ ಕರೆನ್ಸಿ ಯೂನಿಟ್’ ಎಂಬ ಪ್ರೋತ್ಸಾಹಕ ಅಂಕಗಳು ಜಾರಿಗೆ ಬಂದವು. ಅವನ್ನು ಬಹುಮಾನವಾಗಿ ಬದಲಿಸಿಕೊಳ್ಳಬಹುದಿತ್ತು. ಫಲ ಎರಡು ಬಗೆಯದಾಯಿತು. ಬರಹಗಳು ಪ್ರವಾಹದಂತೆ ಬಂದವು, ಆದರೆ ಅಂಕಕ್ಕಾಗಿಯೇ ಬರೆದ ಸಾಮಾನ್ಯ ಸರಕೂ ಅದರಲ್ಲಿ ಸೇರಿತು. ಪರಿಶೀಲಕರ ಮೇಲೆ ಹೊರೆ ಬಿತ್ತು, ಬೇಕಾದುದನ್ನು ಹುಡುಕುವುದು ಕಷ್ಟವಾಯಿತು. ಹಾಗಾಗಿ ಕಂಪನಿ ಬಹುಮಾನದ ಕ್ರಮವನ್ನು ತಿದ್ದಿ, ಬರಹದ ಸಂಖ್ಯೆಗಿಂತ ಗುಣಮಟ್ಟಕ್ಕೂ ಬಳಕೆದಾರರ ಅಭಿಪ್ರಾಯಕ್ಕೂ ಒತ್ತು ಕೊಟ್ಟಿತು.

ಬರಹಕ್ಕಿಳಿಯದ, ಕೈಯಲ್ಲೇ ಉಳಿಯುವ ಪರಿಣತಿಯ ಪ್ರಶ್ನೆ ಬೇರೆ. ಜಪಾನಿನ ಇಕುಜಿರೊ ನೊನಾಕಾ ಮತ್ತು ಹಿರೊಟಾಕಾ ಟಾಕೆಯುಚಿ 1995ರ ತಮ್ಮ ಗ್ರಂಥದಲ್ಲಿ ಇಂಥ ಅವ್ಯಕ್ತ ಜ್ಞಾನವನ್ನು ವ್ಯಕ್ತಗೊಳಿಸುವ ಬಗೆಯನ್ನು ವಿವರಿಸಿದ್ದಾರೆ. ಇನ್ಫೋಸಿಸ್‌ನಲ್ಲಿ ಕೆ-ಶಾಪ್ ಹಿಡಿದಿಡಲಾಗದ ಇಂಥ ಜ್ಞಾನದ ಕೊರತೆಯನ್ನು ತಜ್ಞರ ಹೆಸರುಪಟ್ಟಿ ಹಾಗೂ ಮೈಸೂರಿನ ತರಬೇತಿ ಕೇಂದ್ರದ ಕಲಿಕೆ ಸ್ವಲ್ಪಮಟ್ಟಿಗೆ ತುಂಬಿದವು. ಕಂಪನಿಗೆ 2003ರಲ್ಲಿ ಜ್ಞಾನ ನಿರ್ವಹಣೆಗಾಗಿ ಕೊಡುವ ಜಾಗತಿಕ ‘ಮೇಕ್’ ಪ್ರಶಸ್ತಿ ಸಂದಿತು. ಈ ವ್ಯವಸ್ಥೆಯ ಏಳುಬೀಳುಗಳನ್ನು ಸಂಶೋಧಕರಾದ ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ 2005ರಲ್ಲಿ ‘ಎಂಐಎಸ್ ಕ್ವಾರ್ಟರ್ಲಿ’ ಪತ್ರಿಕೆಯಲ್ಲಿ ವಿಶ್ಲೇಷಿಸಿದ್ದಾರೆ.